ತೋಟದ ವಿದ್ಯೆಯೂ ವಿದ್ಯೆಯೇ

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಮುನ್ನ ಒಂಬತ್ತು ದಿನ ನಮ್ಮ ಮಕ್ಕಳು ತಟ್ಟೆಯಲ್ಲಿ ಹೂವು ತುಂಬಿಕೊಂಡು ದೇವಾಲಯಕ್ಕೆ ಬರುತ್ತಾರೆ. ಬಾಲಮಾತೆಯ ಪಾದಕ್ಕೆ ಹೂವೆರಚಿ, ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೊಯ್ದು, ಅದರ ಕಾಳನ್ನು ಮನೆಮಂದಿಯೆಲ್ಲ ಹಂಚಿಕೊಂಡು ಉಣ್ಣುವುದು ಮೊಂತಿ ಹಬ್ಬದ ಸಂಪ್ರದಾಯ. ಕರಾವಳಿಯಿಂದ ಘಟ್ಟ ಹತ್ತಿ ಬಂದ ನಮ್ಮ ಹಿರಿಯರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಡು-ತೋಟಗಳ ನಡುವೆಯೂ ಈ ಪದ್ಧತಿಯನ್ನು ಕೈಬಿಡಲಿಲ್ಲ. ದೇವರಿಗೆ ಅರ್ಪಿಸುವ ಈ ಎರಡು ವಸ್ತುಗಳೂ, ಹೂವೂ ತೆನೆಯೂ, ಮನುಷ್ಯನ ಕೈಯ ಆರೈಕೆಯಿಂದ ಬೆಳೆದವು.

ಅಂದಿನ ಹೂತಟ್ಟೆಯಲ್ಲಿ ಇರುತ್ತಿದ್ದುದಾದರೂ ಏನು? ಅಂಗಳದ ದಾಸವಾಳ, ಬೇಲಿಯ ಕೇಪಳ, ಅಮ್ಮಂದಿರು ನೆರೆಮನೆಯಿಂದ ಗೆಡ್ಡೆ ತಂದು ನೆಟ್ಟ ಡೇರೆ. ಈಗಲೂ ಹೂವು ಬರುತ್ತದೆ, ಹಬ್ಬವೂ ಸಂಭ್ರಮದಿಂದ ನಡೆಯುತ್ತದೆ. ಆದರೆ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಮಕ್ಕಳ ಮುಂದಿನ ಓದಿನ ಮಾತು ಬಂದಾಗ ನಮ್ಮ ಕಿವಿಗೆ ಬೀಳುವುದು ನರ್ಸಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್, ಕಂಪ್ಯೂಟರ್ ಎಂಬ ಮಾತುಗಳು. ಅದರಲ್ಲಿ ತಪ್ಪೇನಿಲ್ಲ, ಆ ಓದಿನಿಂದ ಎಷ್ಟೋ ಮನೆಗಳು ಸಾಲದಿಂದ ಹೊರಬಂದಿವೆ. ಆದರೆ ಮಗನಿಗೋ ಮಗಳಿಗೋ ತೋಟಗಾರಿಕೆ ಓದಿಸುತ್ತೇವೆ ಎನ್ನುವ ತಂದೆತಾಯಿಗಳನ್ನು ನಾವು ಕಂಡದ್ದು ಅಪರೂಪ.

ನಮಗೆ ಪರಿಚಯವಿರುವ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ಒಂದೂವರೆ ಎಕರೆ ಅಡಿಕೆ ತೋಟದ ಸಂಸಾರವದು. ಕೆಲವು ವರ್ಷಗಳಿಂದ ತೋಟದ ಒಂದು ಮಗ್ಗುಲು ಹಳದಿಗೆ ತಿರುಗಿದೆ. ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ ಮಗಳು ತೋಟಗಾರಿಕೆ ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ತಂದೆ ನಮ್ಮೊಡನೆ ನೊಂದು ನುಡಿದರು: “ನಮ್ಮಪ್ಪ ಮಣ್ಣು ಹೊತ್ತರು, ನಾನೂ ಮಣ್ಣು ಹೊತ್ತೆ. ಇವಳನ್ನಾದರೂ ತಪ್ಪಿಸೋಣ ಅಂದರೆ, ಮಣ್ಣನ್ನೇ ಓದುತ್ತೇನೆ ಅಂತಾಳೆ. ಮಣ್ಣು ಕೆದಕುವುದಕ್ಕೂ ಸರ್ಟಿಫಿಕೇಟು ಬೇಕಾ, ನೀವೇ ಹೇಳಿ.” ಆ ಹೊತ್ತಿಗೆ ನಮಗೆ ಉತ್ತರ ತೋಚಲಿಲ್ಲ. ಈ ಲೇಖನವೇ ಅವರಿಗೆ ನಾವು ಕೊಡುವ ಉತ್ತರ.

ಅನುಭವದ ಜೊತೆಗೆ ಅರಿವು

ಆ ತಂದೆಯ ನೋವು ನಮ್ಮ ಸಮುದಾಯದ ನೋವು. ಕಾಫಿ ತೋಟಗಳ ಲೈನುಗಳಲ್ಲಿ ಬದುಕಿ, ಪರರ ತೋಟದಲ್ಲಿ ಅಗೆದು, ಕೊನೆಗೊಮ್ಮೆ ತುಂಡು ಭೂಮಿ ಮಾಡಿಕೊಂಡವರು ನಮ್ಮಲ್ಲಿ ಅನೇಕರು. ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿದ ಸೀರೋ-ಮಲಬಾರ್ ಸಹೋದರರ ಕಥೆಯೂ ಬೆವರಿನ ಕಥೆಯೇ. ಇಂಥವರಿಗೆ ಮಣ್ಣೆಂದರೆ ದಣಿವಿನ ನೆನಪು. ಮಕ್ಕಳಿಗೆ ಆ ದಣಿವು ಬೇಡವೆಂಬುದು ಪ್ರೀತಿಯ ಮಾತೇ ಸರಿ. ಆದರೆ ಅವರ ಕೈಯಲ್ಲಿ ಇದ್ದುದು ಅನುಭವ ಮಾತ್ರ; ಅನುಭವದ ಜೊತೆಗೆ ಅರಿವೂ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಮಲೆನಾಡೇ ಸಾಕ್ಷಿ.

ಶತಮಾನದ ಹಿಂದೆ ಕೊಳೆರೋಗದಿಂದ ಅಡಿಕೆ ಉದುರಿ ತೋಟಿಗರು ಕಂಗೆಟ್ಟಿದ್ದರು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಅವರು ಆ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವಿವರಿಸಿದರು. ಬೋರ್ಡೋ ದ್ರಾವಣ ಸಿಂಪಡಿಸಿದರೆ ತಡೆಯಬಹುದೆಂದು ತೋರಿಸಿಕೊಟ್ಟರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದು ನಮ್ಮ ಪ್ರತಿ ಮನೆಗೂ ಬಾಯಿಪಾಠ. ದ್ರಾವಣದಲ್ಲಿ ಕಬ್ಬಿಣದ ಚೂರಿ ಅದ್ದಿ, ಅದಕ್ಕೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸುವ ಪರೀಕ್ಷೆಯನ್ನು ನಮ್ಮ ಹಿರಿಯರು ಶಾಲೆಗೆ ಹೋಗದೆಯೇ ಬಲ್ಲರು. ಆದರೆ ಅದನ್ನು ಮೊದಲು ಯಾರೋ ಓದಿ, ತಿಳಿದು, ಊರಿಗೆ ಬಂದು ಕಲಿಸಿದ್ದರು ಎಂಬುದನ್ನು ನಾವು ಮರೆತಿದ್ದೇವೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವೂ ಹಾಗೆಯೇ. ನಮ್ಮವರು ದುಡಿದ ಎಷ್ಟೋ ತೋಟಗಳಲ್ಲಿ ಬೆಳೆದ ಎಸ್.795 ಅರೇಬಿಕಾ ತಳಿ ಅಲ್ಲಿಂದಲೇ ಬಂದದ್ದು.

ಇಂದು ನಮ್ಮೆದುರು ನಿಂತಿರುವುದು ಹಳದಿ ಎಲೆ ರೋಗ. 1914ರಷ್ಟು ಹಿಂದೆಯೇ ಕೇರಳದಲ್ಲಿ ಕಾಣಿಸಿಕೊಂಡ ಈ ರೋಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ತೋಟಗಳನ್ನು ದಶಕಗಳಿಂದ ಕಾಡುತ್ತಿದೆ. ಹೊರಸುತ್ತಿನ ಸೋಗೆಯ ತುದಿಯಲ್ಲಿ ಹಳದಿ ಕಾಣಿಸಿ, ಕ್ರಮೇಣ ಇಡೀ ಶಿರವನ್ನೇ ವ್ಯಾಪಿಸಿ, ಅಡಿಕೆಯ ತಿರುಳನ್ನು ಮೆದುವಾಗಿಸಿ ಬೆಲೆಯಿಲ್ಲದಂತೆ ಮಾಡುತ್ತದೆ. ಇದಕ್ಕೆ ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಅದರ ಮೇಲೆ ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಔಷಧವಿಲ್ಲದ ರೋಗದ ಎದುರು ಉಳಿಯುವುದು ತೋಟವನ್ನೇ ಬೇರೆ ರೀತಿಯಲ್ಲಿ ಕಟ್ಟುವ ಜಾಣ್ಮೆ. ಬಸಿಗಾಲುವೆಯನ್ನು ಸರಿಪಡಿಸಿ ಬೇರಿಗೆ ಉಸಿರು ಕೊಡುವುದು, ಮಣ್ಣು ಪರೀಕ್ಷಿಸಿ ಕೊರತೆಯಿದ್ದುದನ್ನು ಮಾತ್ರ ತುಂಬುವುದು, ಸೊಪ್ಪಿನ ಬೆಟ್ಟವನ್ನು ಬೋಳಿಸದೆ ಗೊಬ್ಬರ ಮಾಡಿಕೊಳ್ಳುವುದು, ಒಂದೇ ಬೆಳೆಯನ್ನು ನಂಬದೆ ಕಾಳುಮೆಣಸು, ಕಾಫಿ, ಏಲಕ್ಕಿ, ಜಾಯಿಕಾಯಿ, ಬಾಳೆಗಳನ್ನು ನೆರಳು ನೋಡಿ ಸೇರಿಸುವುದು: ಸುಸ್ಥಿರ ತೋಟಗಾರಿಕೆ ಎಂದು ಪುಸ್ತಕಗಳು ಕರೆಯುವುದು ಇದನ್ನೇ. ಸೊರಗುರೋಗಕ್ಕೆ ತುತ್ತಾಗುವ ಮೆಣಸಿನ ಬಳ್ಳಿಯನ್ನು ತೇವದಲ್ಲೂ ಕೊಳೆಯದ ಬ್ರೆಜಿಲ್ ಹಿಪ್ಪಲಿಯ ಬೇರಿಗೆ ಕಸಿ ಕಟ್ಟುವ ಕೌಶಲ ಕೈಗೆ ಹತ್ತಿದರೆ, ಮನೆಯ ಹಿತ್ತಲೇ ಒಂದು ನರ್ಸರಿಯಾಗಬಲ್ಲದು. ಅದಕ್ಕೆ ಎಕರೆಗಟ್ಟಲೆ ಜಮೀನು ಬೇಕಿಲ್ಲ. ಹೆಣ್ಣುಮಕ್ಕಳೂ ಮನೆಯಲ್ಲಿದ್ದುಕೊಂಡೇ ಮಾಡಬಹುದಾದ ಕೆಲಸವದು.

ಅಂಗಳವೂ ಒಂದು ಪಾಠ

ತೋಟಗಾರಿಕೆಯ ಇನ್ನೊಂದು ಮುಖ ಉದ್ಯಾನ ವಿನ್ಯಾಸ. ಮಲೆನಾಡಿನಲ್ಲಿ ಹೋಂಸ್ಟೇಗಳು ಹೆಚ್ಚಿದಂತೆ ಈ ಕೆಲಸ ಬಲ್ಲವರಿಗೆ ಬೇಡಿಕೆಯೂ ಬಂದಿದೆ. ಆದರೆ ಹೊರಗಿನಿಂದ ತಂದ ಹುಲ್ಲುಹಾಸು ಹೊದಿಸಿ, ಬೇಸಿಗೆಯಲ್ಲಿ ಕುಡಿಯುವ ನೀರನ್ನೇ ಅದಕ್ಕೆ ಸುರಿಯುವುದು ಉದ್ಯಾನವಲ್ಲ. ಇಳಿಜಾರಿನ ನೆಲದಲ್ಲಿ ಮಳೆಯ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದೆ ಇಂಗುವಂತೆ ಮಾಡುವುದು, ಆ ನೆಲಕ್ಕೆ ಒಗ್ಗಿದ ಗಿಡವನ್ನೇ ಆರಿಸುವುದು ಈ ವಿದ್ಯೆಯ ಮೊದಲ ಪಾಠ. ಜರ್ಮನಿಯಿಂದ ಬಂದು 1908ರಲ್ಲಿ ಲಾಲ್‌ಬಾಗ್ ಸೇರಿದ ಕ್ರುಂಬಿಗಲ್ ಅವರು, ಒಂದು ಜಾತಿಯ ಮರ ಹೂವು ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಲ್ಲಿ ಸಾಲುಮರ ನೆಡಿಸಿದರು. ನಮ್ಮಲ್ಲಿ ಕಾಡೇ ಆ ಕ್ರಮವನ್ನು ಇಟ್ಟುಕೊಂಡಿದೆ: ಬೇಸಿಗೆಯ ಮೊದಲಿಗೆ ಸುರಗಿ, ಮಳೆ ಹಿಡಿಯುವ ಹೊತ್ತಿಗೆ ಸೀತಾಳೆದಂಡೆ, ಮೊಂತಿ ಹಬ್ಬದ ಸುಮಾರಿಗೆ ಬೇಲಿಯ ಮೇಲೆ ಗೌರಿಹೂವು.

ಈ ಸಸ್ಯಸಂಪತ್ತನ್ನು ಹೆಸರಿಟ್ಟು ದಾಖಲಿಸಿದವರಲ್ಲಿ ನಮ್ಮ ಧರ್ಮಸಭೆಯ ಗುರುಗಳೊಬ್ಬರು ಇದ್ದರೆಂಬುದು ಎಷ್ಟು ಮಂದಿಗೆ ಗೊತ್ತು? ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಯೇಸುಸಭೆಯ ಫಾದರ್ ಸಿಸಿಲ್ ಸಲ್ಡಾನಾ ಅವರು ಅಮೆರಿಕದ ವಿದ್ವಾಂಸ ಡಾನ್ ನಿಕೊಲ್ಸನ್ ಅವರೊಡಗೂಡಿ ನಮ್ಮ ನೆರೆಯ ಹಾಸನ ಜಿಲ್ಲೆಯ ಸಸ್ಯಗಳ ಬೃಹತ್ ಗ್ರಂಥವನ್ನು 1976ರಲ್ಲಿ ಹೊರತಂದರು. ಮುಂದೆ ಕರ್ನಾಟಕದ ಸಸ್ಯಸಂಪತ್ತಿನ ಸಂಪುಟವನ್ನೂ 1984ರಲ್ಲಿ ಪ್ರಕಟಿಸಿದರು. ಪೂಜಾಪೀಠದ ಮುಂದೆ ನಿಂತ ಕೈಗಳೇ ಕಾಡಿನ ಎಲೆಯನ್ನೂ ಹೂವನ್ನೂ ಬಿಡಿಸಿ ನೋಡಿದವು. ಮಣ್ಣಿನ ವಿದ್ಯೆ ಕೀಳೆಂದು ಆ ಗುರುಗಳಿಗೆ ಅನ್ನಿಸಲಿಲ್ಲ.

ಕಲಿಯುವುದೆಲ್ಲಿ?

ಅಮೆರಿಕದಲ್ಲಿ 1901ರಲ್ಲಿ ಜೋಲಿಯೆಟ್ ಎಂಬ ಊರಿನಲ್ಲಿ ಆರಂಭವಾದ ಎರಡು ವರ್ಷಗಳ ಕಾಲೇಜಿನಿಂದ ‘ಸಮುದಾಯ ಕಾಲೇಜು’ಗಳ ಪರಂಪರೆ ಬೆಳೆಯಿತು. ಅಲ್ಲಿ ತೋಟಗಾರಿಕೆ, ಉದ್ಯಾನ ವಿನ್ಯಾಸಗಳನ್ನೂ ಕಲಿಸುತ್ತಾರೆ. ಹಗಲು ದುಡಿಯುವವರೂ ಕಲಿಯಬಹುದು. ಭಾರತದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯವೂ, 1996ರಲ್ಲಿ ಮದ್ರಾಸ್-ಮೈಲಾಪುರ ಮಹಾಧರ್ಮಪ್ರಾಂತ್ಯವೂ ಇಂಥ ಕಾಲೇಜುಗಳನ್ನು ತೆರೆದವು. ಓದು ಅರ್ಧಕ್ಕೆ ನಿಂತವರನ್ನು, ಬಡವರನ್ನು, ಹೆಣ್ಣುಮಕ್ಕಳನ್ನು ಕರೆದು ಊರಿಗೆ ಬೇಕಾದ ಕಸುಬನ್ನೇ ಕಲಿಸುವುದು ಅವುಗಳ ಉದ್ದೇಶ. ನಮ್ಮ ಮೂರು ತಾಲ್ಲೂಕುಗಳಲ್ಲಿ ಅಂಥ ಕಾಲೇಜಿಗೆ ತಕ್ಕ ವಿಷಯವೊಂದಿದ್ದರೆ ಅದು ತೋಟಗಾರಿಕೆ.

ಅಲ್ಲಿಯವರೆಗೆ ಕಾಯಬೇಕಾದುದೂ ಇಲ್ಲ. ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದ 1963ರಲ್ಲೇ ಪ್ರತ್ಯೇಕವಾಗಿ ರೂಪುಗೊಂಡ ರಾಜ್ಯದ ತೋಟಗಾರಿಕೆ ಇಲಾಖೆಯು ಎಸ್ಸೆಸ್ಸೆಲ್ಸಿ ತೇರ್ಗಡೆಯಾದ ರೈತರ ಮಕ್ಕಳಿಗಾಗಿ 10 ತಿಂಗಳ ತರಬೇತಿ ನಡೆಸುತ್ತದೆ, ಶಿಷ್ಯವೇತನವೂ ಉಂಟು. ವಿಜ್ಞಾನ ವಿಷಯಗಳಲ್ಲಿ ಪಿಯುಸಿ ಮುಗಿಸಿದವರಿಗೆ ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ 1991ರಲ್ಲಿ ಆರಂಭವಾದ ತೋಟಗಾರಿಕೆ ಮಹಾವಿದ್ಯಾಲಯವಿದೆ. ನಾಲ್ಕು ವರ್ಷಗಳ ಪದವಿ ದೊರೆಯುತ್ತದೆ. ಇಂಥ ಪದವಿಗಳಿಗೆ ಕೃಷಿಕರ ಮಕ್ಕಳಿಗಾಗಿ ಮೀಸಲಾದ ಸೀಟುಗಳಿದ್ದು, ಅದಕ್ಕಾಗಿ ಬೀಜ, ಗೊಬ್ಬರ, ಹತಾರಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಾರೆ. ಅಪ್ಪನ ಹಿಂದೆ ತೋಟ ಸುತ್ತಿದ ಮಗುವಿಗೆ ಅದೇ ಅಂಕವಾಗುತ್ತದೆ. ಮಣ್ಣು ಹೊತ್ತ ಬದುಕಿಗೆ ಬೆಲೆ ಕಟ್ಟುವ ಪರೀಕ್ಷೆಯೂ ಒಂದಿದೆ ಎಂಬುದು ನಮ್ಮ ತಂದೆತಾಯಿಗಳಿಗೆ ತಿಳಿದಿರಲಿ.

ಓದಿದ ಮಾತ್ರಕ್ಕೆ ಹಣ ಸುರಿಯುತ್ತದೆಂದು ನಾವು ಹೇಳಲಾರೆವು. ಅಡಿಕೆಯ ಧಾರಣೆ ಏರಿಳಿಯುತ್ತದೆ, ಮಳೆ ಹೇಳಿದಂತೆ ಕೇಳುವುದಿಲ್ಲ. ಆದ್ದರಿಂದಲೇ ಕಲಿತು ಬಂದವರಿಗೆ ಮೊದಲ ಕೆಲಸವನ್ನು ನಾವೇ ಕೊಡಬೇಕು. ಪ್ರತಿ ಧರ್ಮಕೇಂದ್ರಕ್ಕೂ ಒಂದಿಷ್ಟು ಅಂಗಳವಿದೆ, ಸಮಾಧಿ ಭೂಮಿಯಿದೆ, ಶಾಲೆಯಿದ್ದಲ್ಲಿ ಅದರ ಆವರಣವಿದೆ. ಅಲ್ಲಿ ಸುರಗಿ, ಸಂಪಿಗೆ, ರೆಂಜೆಗಳನ್ನು ನೆಟ್ಟು ಸಾಕುವ ಹೊಣೆಯನ್ನು ಅಂಥ ಯುವಜನರಿಗೆ ಕೂಲಿ ಕೊಟ್ಟು ಒಪ್ಪಿಸಲಿ. ಸಂತ ಅಸ್ಸಿಸಿಯ ಫ್ರಾನ್ಸಿಸರನ್ನು ವಿಶ್ವಗುರು ಎರಡನೇ ಜಾನ್ ಪಾಲ್ ಅವರು 1979ರಲ್ಲಿ ಪರಿಸರದ ಪಾಲಕರೆಂದು ಸಾರಿದರು. ವಿಶ್ವಗುರು ಫ್ರಾನ್ಸಿಸ್ ಅವರು 2015ರ ವಿಶ್ವಪರಿಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದರು. ಆ ಬೋಧನೆ ಪ್ರವಚನದಲ್ಲಿ ಮುಗಿಯದೆ ಅಂಗಳಕ್ಕೆ ಇಳಿಯಲಿ.

ಸಂತ ಲೂಕರ ಶುಭಸಂದೇಶದಲ್ಲಿ ಫಲ ಕೊಡದ ಅಂಜೂರದ ಮರದ ಸಾಮತಿಯಿದೆ. ಮೂರು ವರ್ಷ ಕಾದ ಒಡೆಯ ಮರವನ್ನು ಕಡಿಯಹೇಳುತ್ತಾನೆ. ತೋಟದ ಆಳು ಇನ್ನೊಂದು ವರ್ಷದ ಅವಕಾಶ ಬೇಡುತ್ತಾನೆ. ಸುಮ್ಮನೆ ಕಾಯಿರಿ ಎಂದಷ್ಟೇ ಅವನು ಹೇಳುವುದಿಲ್ಲ. ಬುಡ ಬಿಡಿಸಿ ಗೊಬ್ಬರ ಹಾಕುವೆನೆಂದು ತಾನು ಮಾಡಲಿರುವ ಕೆಲಸವನ್ನೂ ಹೇಳುತ್ತಾನೆ. ಅವನಿಗೆ ತನ್ನ ವಿದ್ಯೆ ಗೊತ್ತಿತ್ತು. ಮರ ಫಲ ಕೊಟ್ಟಿತೇ ಎಂಬುದನ್ನು ಪ್ರಭು ಯೇಸು ಹೇಳದೆ ಬಿಟ್ಟಿದ್ದಾರೆ.

ಹಳದಿ ತಿರುಗಿದ ತೋಟದ ಅಂಚಿನಲ್ಲಿ ನಿಂತ ಆ ತಂದೆಗೆ ನಾವು ಹೇಳುವುದಿಷ್ಟೇ: ಮಗಳು ಕೇಳುತ್ತಿರುವುದೂ ಒಂದು ವರ್ಷವನ್ನೇ. ಕೊಟ್ಟು ನೋಡಿ.