ಏಣಿ ಮತ್ತು ದೀಕ್ಷಾಸ್ನಾನ: ಎಂ. ಎನ್. ಶ್ರೀನಿವಾಸರ ಅಧ್ಯಯನದ ಬೆಳಕಿನಲ್ಲಿ

ಜಾತಿಯು ಅಲುಗಾಡದ ಬಂಡೆ ಎಂಬ ಕಲ್ಪನೆ ನಮ್ಮಲ್ಲಿ ಇಂದಿಗೂ ಬಲವಾಗಿದೆ. ಮೈಸೂರಿನಲ್ಲಿ 1916ರಲ್ಲಿ ಜನಿಸಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಇದನ್ನು ಕ್ಷೇತ್ರಾಧ್ಯಯನದಿಂದ ತಿದ್ದಿದರು. ಕೊಡವರ ಧರ್ಮ ಹಾಗೂ ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಯಿತು. ಕೆಳಗಿನ ಅಥವಾ ಮಧ್ಯದ ಸ್ತರದ ಜಾತಿಯೊಂದು ಮದ್ಯಮಾಂಸಗಳನ್ನು ತೊರೆದು, ಮೇಲಿನವರ ಆಚಾರಗಳನ್ನು ತನ್ನದಾಗಿಸಿಕೊಂಡು, ಒಂದೆರಡು ತಲೆಮಾರುಗಳಲ್ಲಿ ಉನ್ನತ ಸ್ಥಾನವನ್ನು ಪಡೆಯುವ ಪ್ರಕ್ರಿಯೆಯನ್ನು ಅವರು ಅದರಲ್ಲಿ ‘ಸಂಸ್ಕೃತೀಕರಣ’ ಎಂದು ಕರೆದರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹೀಗೆ ಏರುವುದು ವ್ಯಕ್ತಿಗಿಂತ ಹೆಚ್ಚಾಗಿ ಗುಂಪು. ಎರಡನೆಯದಾಗಿ, ಶ್ರೀನಿವಾಸರೇ ಸ್ಪಷ್ಟಪಡಿಸಿದಂತೆ, ಬದಲಾಗುವುದು ಸ್ಥಾನವೇ ಹೊರತು ವ್ಯವಸ್ಥೆಯ ರಚನೆಯಲ್ಲ. ಒಂದು ಜಾತಿ ಮೆಟ್ಟಿಲೊಂದನ್ನು ಏರಿದರೂ ಏಣಿ ಇದ್ದಲ್ಲೇ ಇರುತ್ತದೆ. ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟವರಿಗಂತೂ ಆಚಾರವನ್ನು ಬದಲಾಯಿಸಿಕೊಂಡ ಮಾತ್ರಕ್ಕೆ ಆ ಗೆರೆಯನ್ನು ದಾಟಲಾಗಲಿಲ್ಲ. ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ಅವರು 1948ರಲ್ಲಿ ವಾಸವಿದ್ದು ಅಧ್ಯಯನ ನಡೆಸಿದರು. ಬರೆಹಗಳಲ್ಲಿ ಅದನ್ನು ‘ರಾಂಪುರ’ ಎಂದು ಹೆಸರಿಸಿದರು. ಜನಬಲ, ಭೂಮಿ, ಅಧಿಕಾರಗಳನ್ನು ಹಿಡಿದ ‘ಪ್ರಬಲ ಜಾತಿ’ಯ ಮಾತೇ ಊರಿನ ವ್ಯವಹಾರದಲ್ಲಿ ನಡೆಯುತ್ತಿದ್ದುದನ್ನು ಅವರು ಅಲ್ಲಿ ಕಂಡರು.

ಈ ವಿವೇಚನೆ ದೈವಶಾಸ್ತ್ರಕ್ಕೆ ಏಕೆ ಬೇಕು? ಗಲಾತ್ಯರಿಗೆ ಬರೆದ ಪತ್ರದಲ್ಲಿ (3:28) ಸಂತ ಪೌಲರು ದಾಸನಿಗೆ ಒಡೆಯನ ಸ್ಥಾನವನ್ನು ವಾಗ್ದಾನ ಮಾಡುವುದಿಲ್ಲ. ಕ್ರಿಸ್ತರಲ್ಲಿ ಆ ಭೇದಕ್ಕೇ ನೆಲೆಯಿಲ್ಲವೆಂದು ಸಾರುತ್ತಾರೆ. ಫಿಲಿಪ್ಪಿಯರಿಗೆ ಬರೆದ ಪತ್ರದಲ್ಲಿ (2:6-8) ದೇವಪುತ್ರರು ತಮ್ಮನ್ನೇ ಬರಿದು ಮಾಡಿಕೊಂಡು ದಾಸರೂಪವನ್ನು ತಾಳುತ್ತಾರೆ. ಆದುದರಿಂದ ದೀಕ್ಷಾಸ್ನಾನವನ್ನು ಅದೇ ಏಣಿಯ ಇನ್ನೊಂದು ಮೆಟ್ಟಿಲೆಂದು ಬಗೆಯುವುದು ಶುಭಸಂದೇಶಕ್ಕೆ ಒಪ್ಪುವ ಮಾತಲ್ಲ.

ಆದರೂ ಜಾತಿ ದೀಕ್ಷಾಸ್ನಾನದ ನೀರಿನಲ್ಲಿ ಕರಗಿಹೋಗಲಿಲ್ಲ. ದೇಶದ ಕೆಲವೆಡೆ ಕ್ರೈಸ್ತರ ಸಮಾಧಿಭೂಮಿಗಳೂ ಜಾತಿಯಂತೆ ವಿಂಗಡವಾಗಿವೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಬೇಕಾಗಿ ಬಂದುದು ಇದೇ ಕಾರಣದಿಂದ. 1950ರ ರಾಷ್ಟ್ರಪತಿ ಆದೇಶದನ್ವಯ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆಯಿಲ್ಲ. ಅದನ್ನು ಕೇಳುವುದು ನ್ಯಾಯವೇ. ಆದರೆ ಮತಾಂತರದ ಬಳಿಕವೂ ಅವರು ಜಾತಿಯ ನೋವನ್ನು ಉಣ್ಣುತ್ತಿದ್ದಾರೆ ಎಂಬುದೇ ಆ ಬೇಡಿಕೆಗೆ ಆಧಾರ. ಹಾಗಿರುವಲ್ಲಿ, ಸರ್ಕಾರದ ಮುಂದಿಡುವ ಮನವಿಯು ನಮ್ಮ ಪಾಪನಿವೇದನೆಯೂ ಆಗಬೇಕಲ್ಲವೆ?

ನಮ್ಮ ಶಾಲೆಗಳು ಅನೇಕರನ್ನು ಮೇಲೆತ್ತಿವೆ. ಅದು ಅಲ್ಪ ಸೇವೆಯಲ್ಲ. ಆದರೆ ಹಾಗೆ ಮೇಲೆ ಬಂದವರ ಮನೆಗೆ ನಾವು ಹೆಣ್ಣು ಕೊಡುತ್ತೇವೆಯೆ, ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಅವರ ಮಾತಿಗೆ ಬೆಲೆಯುಂಟೆ ಎಂಬುದನ್ನೂ ಕೇಳಿಕೊಳ್ಳಬೇಕು. ಒಂದೇ ರೊಟ್ಟಿಯಲ್ಲಿ ಪಾಲ್ಗೊಳ್ಳುವವರು ಈ ಪ್ರಶ್ನೆಗಳನ್ನು ಸಮಾಜಶಾಸ್ತ್ರಜ್ಞರಿಗೆ ಒಪ್ಪಿಸಿ ಸುಮ್ಮನಿರುವಂತಿಲ್ಲ.