ಅಂಕಿ ತಪ್ಪಿದರೆ ಅಜ್ಜನೇ ತಪ್ಪಿದ!

ಪೇಟೆ ಬೀದಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹಿರಿಯರೊಬ್ಬರು ಮೊನ್ನೆ ಒಂದು ಜೆರಾಕ್ಸ್ ಹಾಳೆ ಹಿಡಿದು ನಮ್ಮ ಕಚೇರಿಗೆ ಬಂದರು. “ನೋಡ್ರೀ ಸ್ವಾಮಿ, ನಮ್ಮ ಮುತ್ತಜ್ಜನ ಊರು!” ನೋಡಿದೆವು. ಊರೆಲ್ಲಿ ಬಂತು? ಅರ್ಧ ಹಾಳೆ ಕರೀ ಮಸಿ, ಮಿಕ್ಕರ್ಧ ಬರೀ ಬಿಳಿ.

ವಿಷಯ ಇಷ್ಟು. ಮನೆತನದ ವಂಶವೃಕ್ಷ ಬರೆಸಿ ಮೊಮ್ಮಕ್ಕಳ ಕೈಗಿಡಬೇಕೆಂದು ಅವರ ಆಸೆ. ಮುತ್ತಜ್ಜನ ಊರಿನ ಹೆಸರೇನೋ ಗೊತ್ತು. ಆದರೆ ಆ ಊರಿಗೆ ಬಸ್ಸಿಲ್ಲ, ಅಂಚೆ ಇಲ್ಲ, ಜನವೇ ಇಲ್ಲ. ಕಂದಾಯದವರ ಭಾಷೆಯಲ್ಲಿ ಅದು ‘ಬೇಚಿರಾಕ್’ ಗ್ರಾಮ. ಫಾರಸಿ ಮೂಲದ ಮಾತು. ದೀಪವಿಲ್ಲದ ಊರು ಎಂದರ್ಥ. 1876–78ರ ಧಾತು ಈಶ್ವರ ಬರ, 1898ರಿಂದ ಬಂದ ಪ್ಲೇಗು ಮೈಸೂರು ಸೀಮೆಯ ಜನರನ್ನು ಊರು ಬಿಡಿಸಿದವು. ಆದರೆ ಜನ ಹೋದರೂ ಸರ್ವೆ ನಂಬರು ಹೋಗೋದಿಲ್ಲ.

ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಚಿತ್ರದುರ್ಗದ ಕಡೆಯಿಂದ. ಅಳೆದದ್ದು 33 ಅಡಿ ಸರಪಳಿಯಲ್ಲಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಕೆರೆ, ಹಳ್ಳ, ಬಂಡಿದಾರಿ, ಗುಡಿ, ಗಡಿಕಲ್ಲು ಎಲ್ಲಾ ಗ್ರಾಮ ನಕಾಶೆಯಲ್ಲಿ ಕೂತವು.

ಒಂದು ಮಾತು ನೆನಪಿಡಿ. ನಕಾಶೆಯಲ್ಲಿ ರೈತರ ಹೆಸರು ಇರೋದಿಲ್ಲ, ಇರೋದು ನಂಬರು. ಆ ನಂಬರು ಹಿಡಿದು ಕೈಬರಹದ ಹಳೇ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಪುಸ್ತಕ ತೆಗೆಸಿದರೆ ಆಗ ಹೆಸರು. ಮಸುಕು ಹಾಳೆಯಲ್ಲಿ ೪೬ನ್ನು ೪೯ ಎಂದು ಓದಿದಿರೋ, ಯಾರದೋ ಅಜ್ಜ ನಿಮ್ಮ ವಂಶವೃಕ್ಷ ಏರಿ ಕೂತ! ನಮ್ಮ ಹಿರಿಯರಿಗೂ ಆದದ್ದು ಇದೇ. ಎರಡು ಸಲ ಅರ್ಜಿ, ನಾಲ್ಕು ಸಲ ಅಲೆದಾಟ. ಕೊನೆಗೆ ಸಿಕ್ಕಿದ್ದು ಹೆಸರೇ ಕೇಳದ ಯಾರೋ ಒಬ್ಬರ ವಂಶ.

ಹಾಗಾದರೆ ಮಾಡೋದೇನು? ಕಂದಾಯ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಗ್ರಾಮ ನಕಾಶೆ ಪುಕ್ಕಟೆ ಸಿಗುತ್ತದೆ. ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ಓದಿ. ಊರಗಲದ ನಕಾಶೆಯನ್ನು ಸಣ್ಣ ಹಾಳೆಗೆ ಇಳಿಸಿದರೆ ಅಂಕಿಗಳು ಇರುವೆ ಸಾಲಾಗುತ್ತವೆ. ಕುಗ್ಗಿದ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆಯಲೂಬೇಡಿ. ‘ಇಂಚಿಗೆ ಇಷ್ಟು ಅಡಿ’ ಎಂಬ ಲೆಕ್ಕ ಅಲ್ಲಿ ಸುಳ್ಳಾಗುತ್ತದೆ. ಮಡಿಕೆ ಬಿದ್ದ ಕಡೆ ಅಳಿಸಿದ್ದರೆ ತಾಲ್ಲೂಕಿನ ಸರ್ವೆ ಕಚೇರಿಗೆ ಅರ್ಜಿ ಕೊಟ್ಟು, ಮೂಲ ಹಾಳೆಯಿಂದಲೇ ತೆಗೆದ ದೃಢೀಕೃತ ನಕಲು ಕೇಳಿ. ಜೆರಾಕ್ಸಿನ ಜೆರಾಕ್ಸ್ ಕೊಟ್ಟರೆ ಬೇಡ ಅನ್ನಿ.

ಅಷ್ಟಾದರೂ ಅನುಮಾನವೇ? ಆಕಾರ್‌ಬಂದ್ ನೋಡಿ. ಪ್ರತಿ ನಂಬರಿಗೂ ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಅದರಲ್ಲಿದೆ. ಟಿಪ್ಪಣಿಯಲ್ಲಿ ಹೊಲದ ಅಳತೆಯೂ ಆಕಾರವೂ ಇದೆ. ಅಂಕಿ ಮಸುಕಾದರೂ ಹೊಲದ ಆಕಾರ ಸುಳ್ಳು ಹೇಳೋದಿಲ್ಲ. ಮರುಸರ್ವೆ ಆದ ಕಡೆ ಮಾತ್ರ ಹಳೇ ನಂಬರು ಬೇರೆ, ಹೊಸ ನಂಬರು ಬೇರೆ. ಎಚ್ಚರ.

ನಮ್ಮ ಹಿರಿಯರಿಗೆ ದಾರಿ ತೋರಿದ್ದು ಅವರ ಅಜ್ಜಿಯ ಮಾತು: “ಹನುಮಪ್ಪನ ಗುಡಿ ಹಿಂದ್ಲ ಎರಡೆಕರೆ.” ಆಕಾರ್‌ಬಂದಿನಲ್ಲಿ ೪೯ ಒಂಬತ್ತು ಎಕರೆ, ೪೬ ಎರಡೆಕರೆ ಚಿಲ್ಲರೆ. ನಕಾಶೆಯಲ್ಲಿ ೪೬ರ ಮಗ್ಗುಲಿಗೇ ಗುಡಿ. ಪುಸ್ತಕ ತೆಗೆಸಿದರೆ ಮುತ್ತಜ್ಜನ ಹೆಸರು, ಅವರ ತಂದೆಯ ಹೆಸರೂ ಕೂಡ!

2024ರಲ್ಲಿ ಶುರುವಾದ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೇ ದಾಖಲೆ ಸ್ಕ್ಯಾನ್ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಒಳ್ಳೇ ಕೆಲಸ. ಆದರೆ ಸ್ಕ್ಯಾನ್ ಮಾಡುವವರಲ್ಲಿ ಒಂದು ವಿನಂತಿ: ಹಾಳೆಯ ಮಡಿಕೆ ಬಿಡಿಸಿ, ಧೂಳು ಕೊಡವಿ, ಅಂಕಿ ಓದೋಕಾಗುತ್ತಾ ಅಂತ ಒಮ್ಮೆ ನೋಡಿ, ಆಮೇಲೆ ಗುಂಡಿ ಒತ್ತಿ. ನಿಮಗದು ಒಂದು ಹಾಳೆ. ಇನ್ನೊಬ್ಬರಿಗೆ ಅದೇ ವಂಶ.

ಬರುವ ಶನಿವಾರ ಹಿರಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಹನುಮಪ್ಪನ ಗುಡಿಗೆ ಹೊರಟಿದ್ದಾರೆ. ಚೀಲದಲ್ಲಿ ನಕಾಶೆ ಇದೆ, ಎಣ್ಣೆ ಬತ್ತಿಯೂ ಇದೆ.