ಬಟ್ಟಲು ಎಗರಿದ ಮೇಲೆ ಪುಸ್ತಕದ ಬೇಟೆ

‘ಪುಸ್ತಕ ಓದ್ಕೊಂಡು ಮರ ಕಡೆಯೋಕಾಗುತ್ತೇನೋ?’

ಸೋದರಮಾವ ಹೀಗೆ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಮೂವತ್ತು ವರ್ಷ ಕೂತವರು ಅವರು. ಆಲೆ ಮರದ ತುಂಡಿಗೆ ಉಳಿ ತಾಗಿಸಿದರೆ ಗಿಲಕಿ, ಮಣಿ, ಬುಗುರಿ ಒಂದೊಂದಾಗಿ ಉದುರುತ್ತವೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು. ಇದ್ಯಾವುದನ್ನೂ ಅವರು ಓದಿ ಕಲಿತವರಲ್ಲ.

ಡಿಪ್ಲೊಮಾ ಮುಗಿಸಿ ಅರ್ಜಿ ಹಾಕುತ್ತಾ ಕೂತಿದ್ದ ನನಗೆ ಆಸೆ ಹುಟ್ಟಿದ್ದು ಬಟ್ಟಲಿನ ಮೇಲೆ. ಆಟಿಕೆಗಿಂತ ಮರದ ಬಟ್ಟಲಿಗೆ ಕಾಸು ಜಾಸ್ತಿ ಎಂಬ ಲೆಕ್ಕ. ಮಾವನ ಉಳಿಯನ್ನೇ ಹಿಡಿದು ಶುರು ಮಾಡಿದೆ. ಹತ್ತು ನಿಮಿಷಕ್ಕೆ ಉಳಿ ಕಚ್ಚಿಕೊಂಡಿತು, ಮರ ಎಗರಿ ನನ್ನ ಕಿವಿ ಪಕ್ಕದಿಂದ ಹೋಗಿ ಗೋಡೆಗೆ ಬಡಿಯಿತು. ಮಾವ ಲೇತ್ ಆರಿಸಿ, ‘ಇದು ನಂಗೂ ಗೊತ್ತಿಲ್ಲ ಕಣೋ’ ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಕಾರಣ ಆಮೇಲೆ ತಿಳಿಯಿತು. ಆಟಿಕೆಯಲ್ಲಿ ಮರದ ಎಳೆ ಲೇತ್‌ನ ಉದ್ದಕ್ಕೇ ಇರುತ್ತದೆ. ಬಟ್ಟಲಿನಲ್ಲಿ ಸಾಮಾನ್ಯವಾಗಿ ಎಳೆ ಅಡ್ಡಕ್ಕೆ. ಹಾಗಾಗಿ ಒಂದು ಸುತ್ತಿನಲ್ಲಿ ಎರಡು ಸಲ ಉಳಿಗೆ ಎಳೆಯ ತುದಿ ಎದುರಾಗುತ್ತದೆ. ಅದಕ್ಕೆ ಬೇರೆ ಉಳಿ ಬೇಕು, ಹಿಡಿಯುವ ರೀತಿಯೇ ಬೇರೆ. ವಿಡಿಯೊ ನೋಡಿದೆ, ನಿಜ. ಆದರೆ ಉಳಿ ಮಸೆಯುವ ಕೋನ ನೋಡಲು ಪ್ರತಿ ಸಲ ಹಿಂದಕ್ಕೆ ಎಳೆದು, ಜಾಹೀರಾತು ದಾಟಿ ಹೋಗುವಷ್ಟರಲ್ಲಿ ಸಾಕಾಗುತ್ತಿತ್ತು. ಲೇತ್ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಲು ಒಂದು ಪುಸ್ತಕ ಬೇಕಿತ್ತು.

ಮೊದಲ ಖರೀದಿಯಲ್ಲೇ ಏಮಾರಿದೆ. ಚೆಂದದ ಹೊಸ ರಕ್ಷಾಪುಟ, 900 ರೂಪಾಯಿ. ಬಂದದ್ದು ಪಾಲ್ ಹ್ಯಾಸ್ಲಕ್ ಅವರ 1887ರ ಕೈಪಿಡಿಯ ಸ್ಕ್ಯಾನ್ ಪ್ರತಿ! ಪುಟಗಳು ಓರೆ, ಚಿತ್ರಗಳು ಮಸಿ ಚೆಲ್ಲಿದ ಹಾಗೆ. ಹಕ್ಕುಸ್ವಾಮ್ಯ ಮುಗಿದ ಇಂಥ ಪುಸ್ತಕಗಳನ್ನು ಯಾರು ಬೇಕಾದರೂ ಮುದ್ರಿಸಿ ಮಾರಬಹುದು. ಅದೇ ಪುಸ್ತಕ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಚಿತ್ರವೂ ಸ್ಪಷ್ಟ. ಹಳೆಯದೆಂದು ತಳ್ಳಿಹಾಕುವಂತಿಲ್ಲ, ಉಳಿ ಹಿಡಿಯುವ ಪಾಠ ಅಷ್ಟೇನೂ ಬದಲಾಗಿಲ್ಲ. ಆದರೆ ಅದು ಲೇತನ್ನು ಕಾಲಲ್ಲಿ ತುಳಿದು ಓಡಿಸುತ್ತಿದ್ದ ಕಾಲದ್ದು. ಆಗಿನ ಕಾರ್ಬನ್ ಉಕ್ಕು ಮಸೆಯುವಾಗ ನೀಲಿಗೆ ತಿರುಗಿದರೆ ಹದ ಕೆಟ್ಟಂತೆ. ಈಗಿನ ಹೈಸ್ಪೀಡ್ ಉಕ್ಕಿಗೆ ಆ ಭಯವಿಲ್ಲ. ಈಗಿನ ನಾಲ್ಕು ದವಡೆಯ ಚಕ್ಕಿನ ಬಗ್ಗೆ ಆ ಪುಸ್ತಕ ಏನು ಹೇಳೀತು?

ಹಾಗಾಗಿ ಮೂಲ ಪ್ರಕಟಣೆಯ ವರ್ಷ ನೋಡುವುದನ್ನು ಕಲಿತೆ. ಹಲವರು ಸೂಚಿಸುವ ಹೆಸರುಗಳು ಎರಡು: 1985ರಲ್ಲಿ ಬಂದ ರಿಚರ್ಡ್ ರಾಫನ್ ಅವರ ‘ಟರ್ನಿಂಗ್ ವುಡ್’, 1990ರ ಕೀತ್ ರೌಲಿ ಅವರ ‘ವುಡ್‌ಟರ್ನಿಂಗ್: ಎ ಫೌಂಡೇಶನ್ ಕೋರ್ಸ್’. ಹೊಸ ಪ್ರತಿಗಳ ಬೆಲೆ ನೋಡಿ ಮೊಬೈಲ್ ಕೆಳಗಿಟ್ಟೆ. ಅಬೆಬುಕ್ಸ್ ಥರದ ಹಳೆ ಪುಸ್ತಕಗಳ ತಾಣದಲ್ಲಿ 300 ರೂಪಾಯಿಗೇ ಇತ್ತು. ಖುಷಿಯಾಗಿ ಮುಂದೆ ಒತ್ತಿದರೆ ಇಂಗ್ಲೆಂಡಿನಿಂದ ತರಿಸುವ ಅಂಚೆ ವೆಚ್ಚ 1,400! ಅದರ ಮೇಲೆ, 2019ರ ಬಜೆಟ್‌ನಲ್ಲಿ ಆಮದು ಪುಸ್ತಕಗಳಿಗೆ ಶೇ 5ರ ಸುಂಕ ಹಾಕಿದ್ದೂ ಆಗಲೇ ತಿಳಿದದ್ದು. ಅಂಚೆ ವೆಚ್ಚವಿಲ್ಲದೆ ಜಗತ್ತಿನೆಲ್ಲೆಡೆ ಕಳಿಸುತ್ತಿದ್ದ ಬುಕ್ ಡೆಪಾಸಿಟರಿ 2023ರ ಏಪ್ರಿಲ್‌ನಲ್ಲೇ ಬಾಗಿಲು ಹಾಕಿತ್ತು. ನಮ್ಮ ಅದೃಷ್ಟ ಯಾವಾಗಲೂ ಸ್ವಲ್ಪ ಲೇಟು.

ಆಮೇಲೆ ಹೆಸರು ಬಿಟ್ಟು ಐಎಸ್‌ಬಿಎನ್ ಸಂಖ್ಯೆ ಹಾಕಿ, ಭಾರತದೊಳಗಿನ ಮಾರಾಟಗಾರರಲ್ಲಿ ಮಾತ್ರ ಹುಡುಕತೊಡಗಿದೆ. ಒಂದೇ ಪುಸ್ತಕದ ರಟ್ಟಿನ ಪ್ರತಿ, ಪೇಪರ್‌ಬ್ಯಾಕ್, ಪರಿಷ್ಕೃತ ಆವೃತ್ತಿ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ. 2007ಕ್ಕಿಂತ ಹಿಂದಿನವಕ್ಕೆ ಹತ್ತೇ ಅಂಕಿ, ಆಮೇಲೆ ಹದಿಮೂರು. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ವಾರಕ್ಕೊಮ್ಮೆ ಹಾಕಿ ನೋಡುತ್ತಿದ್ದೆ. ಸುಮಾರು ಎರಡು ತಿಂಗಳಾದ ಮೇಲೆ ಬೆಂಗಳೂರಿನ ಹಳೆ ಪುಸ್ತಕದ ವ್ಯಾಪಾರಿಯೊಬ್ಬರ ಬಳಿ ರಾಫನ್ ಸಿಕ್ಕರು. ‘ಸರ್, ಪರಿವಿಡಿ ಮತ್ತೆ ಮಧ್ಯದ ನಾಲ್ಕು ಪುಟದ ಫೋಟೊ ಕಳಿಸ್ತೀರಾ?’ ಎಂದು ಕೇಳಿದೆ. ಕಳಿಸಿದರು. ಯಾವುದೋ ಗ್ರಂಥಾಲಯ ಹೊರಹಾಕಿದ ಪ್ರತಿ, ಎಲ್ಲೆಲ್ಲೂ ಮುದ್ರೆ. ಸಂಗ್ರಹಕಾರರು ಮೂಗು ಮುರಿಯುತ್ತಾರೆ, ಬೆಲೆ ಇಳಿಯುತ್ತದೆ. ನಾಳೆ ಮರದ ಪುಡಿ ಬೀಳುವ ಪುಸ್ತಕಕ್ಕೆ ಮುದ್ರೆ ಇದ್ದರೇನು? ಅಂಚೆ ಸೇರಿ 650 ರೂಪಾಯಿ ಕೊಟ್ಟೆ.

ಪುಸ್ತಕ ಬಂದ ದಿನ ಮಾವ ಕೈ ಒರೆಸಿಕೊಂಡು ತೆಗೆದುಕೊಂಡರು. ಇಂಗ್ಲಿಷ್ ಬಾರದು, ಚಿತ್ರಗಳನ್ನೇ ನಿಧಾನಕ್ಕೆ ತಿರುವಿದರು. ಒಂದು ಚಿತ್ರದ ಮೇಲೆ ಬೆರಳಿಟ್ಟು, ‘ನೋಡು, ಇವ್ನು ಉಳಿನ ಸೊಂಟಕ್ಕೆ ಒತ್ಕೊಂಡಿದಾನೆ. ನೀನು ಬರೀ ಕೈಲಿ ಹಿಡಿದಿದ್ದೆ’ ಅಂದರು. ಕೆಳಗಿನ ಸಾಲು ಓದಿ ಹೇಳು ಎಂದರು. ಓದಿ ಹೇಳಿದೆ. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಲೇತ್ ಮೇಲೆ ಒಂದು ಮಾವಿನ ಮರದ ತುಂಡು ಕೂತಿತ್ತು, ಮಾವ ಕನ್ನಡಕ ಹಾಕಿಕೊಂಡಿದ್ದರು.